ಅವಳ ಕೈಯ ನೀರು

ಮೊನ್ನೆ ನನ್ನ ಮುಂದೆ ಒಂದು ಗಾಜಿನ ಜಗ್ಗು ತಂದಿಟ್ಟರು. ಪಕ್ಕದಲ್ಲಿ ಒಂದು ಖಾಲಿ ಲೋಟ. ಜಗ್ಗಿನ ಬಾಯಿಗೆ, ನೊಣ ಬೀಳದ ಹಾಗೆ, ಅಂಚಿಗೆ ಮಣಿ ಪೋಣಿಸಿದ ಬಲೆಬಟ್ಟೆ ಮುಚ್ಚಿತ್ತು. ಮೇಜಿನ ಮೇಲೆ ಇಡುವಾಗ ಆ ಮಣಿಗಳು ಗಾಜಿಗೆ ತಾಗಿ ಸಣ್ಣಗೆ ಸದ್ದು ಮಾಡಿದವು. ಅಷ್ಟೇ ಆದದ್ದು. ಎಂಬತ್ತು ದಾಟಿದವಳು ನಾನು, ಬಿಸಿಲಿನಲ್ಲಿ ನಡೆದು ಬಂದಿದ್ದೆ, ಬಾಯಾರಿಕೆಯೂ ಇತ್ತು. ಆದರೂ ಕೈ ಮುಂದೆ ಹೋಗಲಿಲ್ಲ. "ಸ್ವಲ್ಪ ಕಳೆದು ಕುಡೀತೇನೆ" ಎಂದು ಕಿಟಕಿಯ ಕಡೆ ತಿರುಗಿ ಕುಳಿತೆ.

ನಾನು ಕುಳಿತಿದ್ದದ್ದು ನಮ್ಮ ನೆರೆಮನೆಯಲ್ಲಿ. ಬೆಳುವಾಯಿಯ ಆಚೆ, ನಮ್ಮ ಅಂಗಳದಿಂದ ಇಳಿದು ಗದ್ದೆಯ ಹುಣಿ ಹಿಡಿದು ನಡೆದರೆ ಒಂದು ತಡಮೆ ಸಿಗುತ್ತದೆ. ದನ ನುಗ್ಗದ ಹಾಗೆ, ಮನುಷ್ಯರು ಮಾತ್ರ ಕಾಲೆತ್ತಿ ದಾಟುವ ಹಾಗೆ ಬೇಲಿಯ ನಡುವೆ ಕಟ್ಟಿದ ಮರದ ಮೆಟ್ಟಿಲು ಅದು. ದಾಟಿದರೆ ಅವರ ಜಾಗ. ಆ ಮನೆಯ ಮಗಳು, ನನ್ನ ಗೆಳತಿ, ಮುಂಬಯಿಯಲ್ಲಿ ತೀರಿಹೋಗಿದ್ದಳು. ತಾಯಿಯ ಉತ್ತರಕ್ರಿಯೆ ತಾಯಿಕಡೆಯ ಮೂಲಮನೆಯಾದ ಈ ತರವಾಡಿನಲ್ಲೇ ಆಗಬೇಕೆಂದು ಅವಳ ಮಗಳು ಊರಿಗೆ ಬಂದಿದ್ದಳು. ಜಗ್ಗು ತಂದಿಟ್ಟವಳು ಆ ಮಗಳೇ.

ಗೆಳತಿಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಅಜ್ಜಿಯ ಬಾಯಲ್ಲಿ ಅವಳು ಯಾವಾಗಲೂ 'ತಡಮೆಯಾಚೆಯವಳು'. ಕೇಳಿ ಕೇಳಿ ನನ್ನ ನಾಲಗೆಗೂ ಅದೇ ಅಭ್ಯಾಸವಾಗಿತ್ತು. ಈಗಲೂ ಹಾಗೆಯೇ ಇರಲಿ.

ಎರಡು ಮನೆಗಳ ನಡುವೆ ಒಂದು ತೋಡು ಹರಿಯುತ್ತದೆ. ಮಳೆ ನಿಂತ ಮೇಲೆ ಎರಡೂ ಮನೆಯವರು ಸೇರಿ ಅದಕ್ಕೆ ಮಣ್ಣಿನ ಕಟ್ಟ ಹಾಕಿ ಸುಗ್ಗಿ ಬೆಳೆಗೆ ನೀರು ತಿರುಗಿಸುತ್ತಿದ್ದರು. ನಾನು ಹುಟ್ಟುವ ಮೊದಲು ಒಂದು ವರ್ಷ, ಬೆಳಗಾಗುವಾಗ ಆ ಕಟ್ಟ ಒಡೆದಿತ್ತು. ನಮ್ಮ ಗದ್ದೆ ಒಣಗಿತು. ಒಡೆದದ್ದು ನೀವೇ ಎಂದು ನಮ್ಮ ಮನೆಯ ಯಜಮಾನರಾಗಿದ್ದ ದೊಡ್ಡಜ್ಜ, ಅಂದರೆ ಅಜ್ಜಿಯ ಅಣ್ಣ, ಹೇಳಿದರು. ನಾವಲ್ಲ ಎಂದು ಅವರು ಹೇಳಿದರು. ಮಾತಿಗೆ ಮಾತು ಬೆಳೆದು, ಕೊನೆಗೆ ನಮ್ಮ ದೊಡ್ಡಜ್ಜ ತಡಮೆಯ ಮೇಲೆ ನಿಂತು ಧರ್ಮಸ್ಥಳದ ಆಣೆ ಹಾಕಿಬಿಟ್ಟರು. ಇನ್ನು ಆ ಮನೆಯ ಅನ್ನ ನೀರು ಈ ಮನೆಗಿಲ್ಲ, ಈ ಮನೆಯದು ಆ ಮನೆಗಿಲ್ಲ. ಕೊಟ್ಟರೂ ಕುಡಿದರೂ... ಎಂದವರು ಮುಂದಿನದನ್ನು ಹೇಳದೆ ಕೆಳಗಿಳಿದು ಬಂದರಂತೆ.

ಹೇಳದೆ ಬಿಟ್ಟದ್ದೇ ನನ್ನ ಪಾಲಿಗೆ ಕೆಟ್ಟದಾಯಿತು. ಇಂಥದ್ದು ಆಗಲಿ ಎಂದು ಹೇಳಿದ್ದರೆ ಅದೊಂದಕ್ಕೇ ಹೆದರಿಕೊಂಡು ಇರಬಹುದಿತ್ತು. ಬಿಟ್ಟ ಜಾಗದಲ್ಲಿ ನಾನು ಹಾವು, ಸಿಡಿಲು, ಹುಚ್ಚು, ಕುರುಡು ಎಲ್ಲವನ್ನೂ ತುಂಬಿಕೊಂಡು ಬೆಳೆದೆ. ನಮ್ಮ ಕಡೆಯ ಆಣೆ ಬಾಯಿಮಾತಿನ ಆಣೆಯಲ್ಲ. ಕೋರ್ಟಿನ ತೀರ್ಪಿನ ಮೇಲೆ ಅಪೀಲಾದರೂ ಉಂಟು. ಇದಕ್ಕೆ ಇರುವುದು ಒಂದೇ ದಾರಿ. ಹಾಕಿದ ಮನೆಯವರೂ ಹಾಕಿಸಿಕೊಂಡ ಮನೆಯವರೂ ಒಟ್ಟಿಗೆ ಧರ್ಮಸ್ಥಳಕ್ಕೆ ಹೋಗಿ ಬಿಡಿಸಿಕೊಳ್ಳಬೇಕು. ಒಟ್ಟಿಗೆ ಹೋಗುವಷ್ಟು ಸರಿ ಇದ್ದಿದ್ದರೆ ಆಣೆಯೇ ಬೀಳುತ್ತಿರಲಿಲ್ಲವಲ್ಲ.

ಪುಣ್ಯಕ್ಕೆ ಅಜ್ಜಿ ಒಂದು ಕಿಂಡಿ ಬಿಟ್ಟಿದ್ದಳು. "ಮಾತಿಗೆ ಆಣೆ ಇಲ್ಲ, ಬಾಯಿಗೆ ಹಾಕುವುದಕ್ಕೆ ಮಾತ್ರ ಉಂಟು" ಎನ್ನುತ್ತಿದ್ದಳು. ಆ ಕಿಂಡಿಯಲ್ಲೇ ನಮ್ಮ ಗೆಳೆತನ ನುಸುಳಿತು. ಇಬ್ಬರೂ ಒಟ್ಟಿಗೆ ಮೂಡುಬಿದಿರೆಯ ಹೈಸ್ಕೂಲಿಗೆ ಹೋದೆವು, ಒಂದೇ ಬೆಂಚಿನಲ್ಲಿ ಕುಳಿತೆವು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮಾತ್ರ ಅವಳು ಗೇರುಮರದ ಆಚೆ, ನಾನು ಈಚೆ. ಶಾಲೆಯ ಬಾವಿಯಲ್ಲಿ ಅವಳು ನೀರು ಸೇದಿ ಎಲ್ಲರ ಬೊಗಸೆಗೂ ಎರೆಯುತ್ತಿದ್ದಳು. ನನ್ನ ಸರದಿ ಬಂದಾಗ ಹಗ್ಗ ಕೆಳಗೆ ಬಿಟ್ಟು ಸರಿದು ನಿಲ್ಲುತ್ತಿದ್ದಳು. ನಾನೇ ಸೇದಿ ನಾನೇ ಕುಡಿಯಬೇಕು. ಬೇರೆ ಹುಡುಗಿಯರು ನಗುತ್ತಿದ್ದರು. ನಮಗೆ ನಗು ಬರುತ್ತಿರಲಿಲ್ಲ.

ನಾನು ಹುಟ್ಟು ಪುಕ್ಕಲಿ. ಬಾವಲಿಗೆ ಹೆದರುತ್ತಿದ್ದೆ, ಪೋಸ್ಟ್‌ಮ್ಯಾನಿಗೆ ಹೆದರುತ್ತಿದ್ದೆ, ತೋಡಿಗೆ ಅಡ್ಡ ಹಾಕಿದ ಸಂಕ ದಾಟುವಾಗ ಕಣ್ಣು ಮುಚ್ಚುತ್ತಿದ್ದೆ, ಕಣ್ಣು ಮುಚ್ಚಿದ್ದಕ್ಕೆ ಬೀಳುತ್ತೇನೆಂದು ಮತ್ತೆ ಹೆದರುತ್ತಿದ್ದೆ. ಅವಳು ನನ್ನ ಕೈ ಹಿಡಿದು ದಾಟಿಸುತ್ತಿದ್ದಳು. ಅವಳಿಗೆ ಹೆದರಿಕೆ ಎಂಬುದು ಗೊತ್ತೇ ಇರಲಿಲ್ಲ ಎಂದು ನಾನು ಆಗ ತಿಳಿದಿದ್ದೆ.

ಅವಳ ಮದುವೆ ನಿಶ್ಚಯವಾದದ್ದು ಅರವತ್ತರ ದಶಕದ ಮೊದಮೊದಲು. ಹುಡುಗ ಮುಂಬಯಿಯಲ್ಲಿ ಹೋಟೆಲು ನಡೆಸುವವನು. ಅಂತಿಂಥ ಹೋಟೆಲಲ್ಲ, ಮೇಜಿಗೆ ಬಟ್ಟೆ ಹಾಸುವ ಹೋಟೆಲು ಎಂದು ಸುದ್ದಿ. ಸುದ್ದಿ ಬಂದ ಸಂಜೆ ಅವಳು ತಡಮೆಯ ಮೇಲೆ ಕುಳಿತಿದ್ದಳು. ನಾನು ಈಚೆ ನಿಂತಿದ್ದೆ.

"ನನ್ನ ಮದುವೆ ಊಟ ನೀನು ಉಣ್ಣುವ ಹಾಗಿಲ್ಲ ಅಲ್ವಾ?" ಎಂದು ಕೇಳಿದಳು.

ಆ ಯೋಚನೆ ನನಗೂ ಬಂದಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ.

"ಹಾಗಾದ್ರೆ ಮದುವೆಗೆ ಮೊದಲೇ ಉಣ್ಣುವ. ಮಂಗಳೂರಿಗೆ ಹೋಗುವ. ಅಲ್ಲಿ ದೊಡ್ಡ ಹೋಟೆಲು ಉಂಟು. ಅಲ್ಲಿಯ ಅನ್ನ ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ಅವರವರದ್ದಕ್ಕೆ ಅವರವರೇ ಕೊಡುವ. ಒಂದೇ ಮೇಜಿನಲ್ಲಿ ಎದುರೆದುರು ಕೂತು ತಿಂದ್ರೆ ಆಣೆಗೆ ಏನು ಕೇಡು?"

"ಮಾರಾಯ್ತಿ, ನಂಗೆ ಹೆದರಿಕೆ ಆಗ್ತದೆ."

"ನಿಂಗೆ ಯಾವಾಗ ಹೆದರಿಕೆ ಆಗುವುದಿಲ್ಲ, ಅದು ಹೇಳು. ನಂಗೂ ಮುಳ್ಳುಚಮಚ ಹಿಡಿದು ಅಭ್ಯಾಸ ಆಗ್ಬೇಕಲ್ಲ. ಮುಂಬಯಿಗೆ ಹೋಗಿ ಅವರ ಎದುರಿಗೆ ಕೈಯಲ್ಲಿ ಕಲಸಿದ್ರೆ ಮರ್ಯಾದೆ ಹೋಗುವುದಿಲ್ವಾ?"

ತಮಾಷೆಗೆ ಹೇಳಿದ್ದಳು. ಆದರೆ ಕಣ್ಣಲ್ಲಿ ತಮಾಷೆ ಇರಲಿಲ್ಲ. ಅಷ್ಟು ವರ್ಷ ಒಟ್ಟಿಗೆ ಬೆಳೆದು ಒಂದು ತುತ್ತು ಒಟ್ಟಿಗೆ ತಿನ್ನದೆ ದೂರವಾಗುವುದು ನನಗೂ ಸಂಕಟವೇ. ನಾನು ಒಪ್ಪಿದೆ.

ಒಪ್ಪಿದ ಗಳಿಗೆಯಿಂದ ಹೆದರಿಕೆ ಶುರುವಾಯಿತು. ಅದಕ್ಕೆ ಕಾರಣವೂ ಇತ್ತು. ಅಮ್ಮ ಆಗ ತುಂಬು ಬಸುರಿ. ನನ್ನ ನಂತರ ಹುಟ್ಟಿದ ಮಕ್ಕಳು ಉಳಿದಿರಲಿಲ್ಲ. ಬಹಳ ವರ್ಷಗಳ ಮೇಲೆ ಮತ್ತೆ ನಿಂತ ಬಸಿರು ಅದು. ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಕೆಮ್ಮಲೂ ಹೆದರುವ ದಿನಗಳು. ಏನಾದರೂ ತಪ್ಪಿದರೆ ಅದು ಎಲ್ಲಿ ಹೋಗಿ ತಾಗುತ್ತದೆ ಎಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಟೀಚರ್ ಟ್ರೈನಿಂಗ್ ಶಾಲೆಯಲ್ಲಿ ವಿಚಾರಿಸಲಿಕ್ಕುಂಟು ಎಂದು ನಾನು ಮನೆಯಲ್ಲಿ ಹೇಳಿದೆ, ರವಕೆ ಹೊಲಿಯಲು ಕೊಡಲಿಕ್ಕುಂಟು ಎಂದು ಅವಳು. ಎರಡೂ ಸುಳ್ಳೇನೂ ಅಲ್ಲ. ಹೊರಡುವಾಗ ಅಜ್ಜಿ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ, "ಅವಳ ಕೈಯಿಂದ ಒಂದು ಕಡಲೆಬೀಜವೂ ತೆಕ್ಕೊಳ್ಬೇಡ" ಎಂದಳು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು, "ಬೇಗ ಬಾ ಮಗಾ" ಎಂದಳು. ಅಮ್ಮನ ಕಾಲು ಊದಿಕೊಂಡಿತ್ತು. ಅದನ್ನು ನೋಡಿಯೇ ನಾನು ಮೆಟ್ಟಿಲಿಳಿದದ್ದು.

ಶಾಲೆ, ದರ್ಜಿ ಎಲ್ಲ ಮುಗಿದಾಗ ಹೊತ್ತು ಇಳಿದಿತ್ತು. ಹಂಪನಕಟ್ಟೆಯಿಂದ ಸ್ವಲ್ಪ ಮೇಲೆ, ಕೆಂಪು ಪೇಟದವನೊಬ್ಬ ಬಾಗಿಲು ಕಾಯುವ ಆ ಹೋಟೆಲಿನ ಮುಂದೆ ನಾವು ಎರಡು ಸಲ ಹಾದುಹೋದೆವು, ಒಳಗೆ ಹೋಗಲು ಧೈರ್ಯ ಬರಲಿಲ್ಲ. ಅವಳಿಗೂ ಬರಲಿಲ್ಲ ಎಂಬುದು ನನಗೆ ಆಶ್ಚರ್ಯ. ಮೂರನೆಯ ಸಲ ಪೇಟದವನೇ ಬಾಗಿಲು ತೆರೆದು ಹಿಡಿದ. ಇನ್ನು ಹಿಂದೆ ಹೋದರೆ ನಾಚಿಕೆ ಎಂದು ನುಗ್ಗಿದೆವು.

ಒಳಗೆ ಫಿನಾಯಿಲ್ ಮತ್ತು ಬೆಣ್ಣೆಯಲ್ಲಿ ಕಾದ ರೊಟ್ಟಿಯ ವಾಸನೆ. ಗದ್ದಲವೇ ಇಲ್ಲ. ನಾವು ಕಂಡ ಹೋಟೆಲುಗಳಲ್ಲಿ ಮಾಣಿ ಅಡುಗೆಮನೆಗೆ ಕೂಗುವುದು ಬೀದಿಗೆ ಕೇಳುತ್ತದೆ. ಇಲ್ಲಿ ಚಮಚ ತಟ್ಟೆಗೆ ತಾಗಿದರೂ ಜನ ತಿರುಗಿ ನೋಡುತ್ತಿದ್ದರು. ಇಸ್ತ್ರಿ ಹಾಕಿದ ಬಿಳಿ ಬಟ್ಟೆಯ ಮೇಜು. ನಡುವೆ ಒಂದು ಗಾಜಿನ ಜಗ್ಗು, ಅದರ ಬಾಯಿಗೆ ಮಣಿ ಕಟ್ಟಿದ ಬಲೆಬಟ್ಟೆ... ಅದು ನನಗೆ ಬಹಳ ಚಂದ ಕಂಡಿತ್ತು.

ಕುಳಿತ ಕೂಡಲೇ ಇಬ್ಬರೂ ನಮ್ಮ ಕರಾರನ್ನು ಪಿಸುಮಾತಿನಲ್ಲಿ ಒಪ್ಪಿಸಿಕೊಂಡೆವು. ಒಬ್ಬರ ತಟ್ಟೆ ಇನ್ನೊಬ್ಬರು ಮುಟ್ಟುವುದಿಲ್ಲ. ಉಪ್ಪಿನ ಕುಪ್ಪಿ ಕೈಯಿಂದ ಕೈಗಿಲ್ಲ, ಮೇಜಿಗಿಟ್ಟು ತೆಗೆಯುವುದು. ನೀರು ಹೋಟೆಲಿನವನೇ ಎರೆಯಬೇಕು. ಬಿಳಿ ಕೋಟು ಹಾಕಿದ ನಡುವಯಸ್ಸಿನ ಸಪ್ಲೈಯರ್ ಬಂದಾಗ ಅವಳು ಅದನ್ನು ಹೇಳಿಯೇಬಿಟ್ಟಳು.

"ನೋಡಿ, ನಮಗೆ ಇಬ್ಬರಿಗೂ ನೀವೇ ನೀರು ಎರೆಯಬೇಕು. ಬಿಲ್ಲು ಬೇರೆ ಬೇರೆ."

ಅವನು ನಮ್ಮಿಬ್ಬರ ಮುಖ ನೋಡಿದ. "ಅಕ್ಕ ತಂಗಿ ಜಗಳ ಮಾಡಿ ಬಂದದ್ದಾ?" ಎಂದು ಕೇಳಿ ಇಬ್ಬರ ಲೋಟಕ್ಕೂ ಎರೆದ. ನಾವು ನಕ್ಕೆವು. ಆ ದಿನ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಅವಳು ಕಟ್ಲೆಟ್ ಹೇಳಿದಳು. ಅದರ ಜೊತೆ ವಿನೆಗರಿನಲ್ಲಿ ನೆನೆಸಿದ ಈರುಳ್ಳಿ ಬಂತು. ನಾನು ಗೊತ್ತಿಲ್ಲದ ಹೆಸರು ಹೇಳಲು ಹೆದರಿ, ಗೊತ್ತಿರುವ ಕಾಣೆ ಮೀನು ಹೇಳಿದೆ. ಅದೇ ತಪ್ಪಾದದ್ದು. ಕಾಣೆಯನ್ನು ನಮ್ಮ ಕಡೆ ಹುಟ್ಟಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಬೆರಳಿನಿಂದ ಬೆನ್ನು ಒತ್ತಿ ಎಳೆದರೆ ನಡುಮುಳ್ಳು ಇಡಿಯಾಗಿ ಬರುತ್ತದೆ, ಉಳಿದ ಸಣ್ಣ ಮುಳ್ಳನ್ನು ಬೆರಳೇ ಕಂಡುಹಿಡಿಯುತ್ತದೆ. ಆದರೆ ಎದುರಿಗೆ ಅವಳು ಎಡಗೈಯಲ್ಲಿ ಮುಳ್ಳುಚಮಚ, ಬಲಗೈಯಲ್ಲಿ ಚೂರಿ ಹಿಡಿದು ಮುಂಬಯಿಯ ಸೊಸೆಯಾಗಿ ಕುಳಿತಿದ್ದಳು. ನಾನು ಕೈ ಹಾಕಿದರೆ ಅವಳ ಮರ್ಯಾದೆ ಹೋದೀತೆಂದು ನಾನೂ ಚೂರಿ ಹಿಡಿದೆ. ಕಬ್ಬು ಕೊಯ್ದ ಹಾಗೆ ಮೀನನ್ನು ಅಡ್ಡಡ್ಡ ಕೊಯ್ದೆ. ನಡುಮುಳ್ಳೂ ತುಂಡು ತುಂಡಾಗಿ ಮಾಂಸದೊಳಗೇ ಉಳಿಯಿತು.

ಅವಳು ಏನೋ ಹೇಳುತ್ತಿದ್ದಳು. ಮದುವೆಯ ಸೀರೆಯ ಅಂಚಿನ ಬಣ್ಣವೋ ಏನೋ... ನೆನಪಿಲ್ಲ. ನಾನು ಉತ್ತರ ಹೇಳಲು ಬಾಯಿ ತೆರೆದೆ. ತುತ್ತು ಗಂಟಲಿಗೆ ಹೋಗಿ ನಿಂತಿತು.

ಮೊದಲು ಕೆಮ್ಮು ಬಂತು, ಆಮೇಲೆ ಕೆಮ್ಮೂ ಬರಲಿಲ್ಲ. ಉಸಿರು ಒಳಗೂ ಹೋಗದು, ಹೊರಗೂ ಬಾರದು. ಲೋಟಕ್ಕೆ ಕೈಚಾಚಿದ್ದು ತಾಗಿ ಲೋಟ ಉರುಳಿತು. ಬಿಳಿಬಟ್ಟೆ ಒದ್ದೆಯಾಗುವುದನ್ನು ನೋಡುತ್ತಾ ನಾನು ಯೋಚಿಸಿದ್ದು ಒಂದೇ, ಸಾಯುವುದು ಇಷ್ಟು ಸುಲಭವೇ ಎಂದು. ಸಪ್ಲೈಯರ್ ಕಾಣಲಿಲ್ಲ. ಫ್ಯಾನು ತಿರುಗುವುದು ನಿಧಾನವಾಯಿತು. ಆಗ ಮಣಿಗಳು ಗಾಜಿಗೆ ತಾಗಿದ ಸದ್ದು. ಅವಳು ಎದ್ದು ಜಗ್ಗಿನ ಬಟ್ಟೆ ಕಿತ್ತು, ತನ್ನ ಲೋಟದ ತುಂಬ ನೀರು ಎರೆದು, ಒಂದು ಕೈಯಿಂದ ನನ್ನ ಬೆನ್ನಿಗೆ ಗುದ್ದಿ, ಇನ್ನೊಂದು ಕೈಯಿಂದ ಲೋಟ ನನ್ನ ತುಟಿಗೆ ಹಿಡಿದಳು. "ಕುಡಿ, ಕುಡಿ ಮಾರಾಯ್ತಿ" ಎಂದು ಕಿರುಚಿದಳು. ನಾನು ಕುಡಿದೆ. ಏನೋ ಹರಿದುಕೊಂಡು ಕೆಳಗಿಳಿದ ಹಾಗಾಯಿತು. ಉಸಿರು ಬಂತು.

ಕಣ್ಣು ಒರೆಸಿಕೊಂಡು ನೋಡಿದೆ. ಅವಳು ಇನ್ನೂ ಲೋಟ ಹಿಡಿದೇ ನಿಂತಿದ್ದಳು. ಅದನ್ನೇ ನೋಡುತ್ತಿದ್ದಳು. ಅದು ಅವಳ ಲೋಟ, ಅವಳ ಕೈ, ಅವಳು ಎರೆದ ನೀರು. ಅವಳ ಮುಖದಲ್ಲಿ ನಾನು ಹೆದರಿಕೆ ಕಂಡದ್ದು ಆಗಲೇ ಮೊದಲು. ನನ್ನ ಹೆದರಿಕೆ ನನಗೆ ಅಭ್ಯಾಸವಾಗಿತ್ತು, ಅವಳದ್ದು ಅಲ್ಲ.

ಉಳಿದದ್ದನ್ನು ತಿನ್ನಲಿಲ್ಲ. ಕಡೆಯ ಬಸ್ಸು ಹಿಡಿದೆವು. ವಾಮಂಜೂರು ದಾಟಿತು. ಹೊರಗೆ ಕತ್ತಲು ಕಟ್ಟುತ್ತಿತ್ತು. ಪ್ರತಿ ತಿರುವಿನಲ್ಲೂ ಬಸ್ಸು ಮಗುಚುತ್ತದೆ ಎಂದು ಸೀಟಿನ ಕಂಬಿ ಹಿಡಿದು ಕುಳಿತಿದ್ದೆ.

"ತಾಗುವುದು ಯಾರಿಗೆ?" ಎಂದು ಕೊನೆಗೆ ನಾನೇ ಕೇಳಿದೆ. "ಕೊಟ್ಟವರಿಗಾ, ಕುಡಿದವರಿಗಾ?"

"ನಿಮ್ಮ ದೊಡ್ಡಜ್ಜ ಹೇಳ್ಲಿಲ್ಲ ಅಲ್ವಾ" ಎಂದಳು ಅವಳು.

ಗುರುಪುರದ ಸೇತುವೆ ಬಂತು. ಕೆಳಗೆ ಹೊಳೆ ಕಪ್ಪಗೆ ಕಾಣುತ್ತಿತ್ತು. ಅವಳು ಕಿಟಕಿಯ ಕಡೆ ತಿರುಗಿ ಕೈಮುಗಿದಳು. ಹೊಳೆಗೋ, ದೇವರಿಗೋ ಗೊತ್ತಿಲ್ಲ. "ಎರೆದದ್ದು ನಾನು. ಅವಳು ಕೇಳಿದ್ದಲ್ಲ. ತಾಗುವುದಾದ್ರೆ ನಂಗೇ ತಾಗ್ಲಿ" ಎಂದು ಸ್ಪಷ್ಟವಾಗಿ ಹೇಳಿದಳು, ಕ್ಲಾಸಿನಲ್ಲಿ ಪದ್ಯ ಒಪ್ಪಿಸುವವರ ಹಾಗೆ. ನನ್ನ ಗಂಟಲು ಉರಿಯುತ್ತಿತ್ತು. ಹಾಗೆ ಹೇಳಬೇಡ ಎನ್ನಲು ಸ್ವರ ಹೊರಡಲಿಲ್ಲ.

ಮನೆಯ ಹುಣಿ ಹತ್ತಿರವಾಗುವಾಗಲೇ ಗೊತ್ತಾಯಿತು. ಜಗಲಿಯಲ್ಲಿ ಅಜ್ಜಿ ಇಲ್ಲ. ಬಚ್ಚಲ ಒಲೆಯಲ್ಲಿ ಬೆಂಕಿ ದೊಡ್ಡದಾಗಿ ಉರಿಯುತ್ತಿತ್ತು, ಹಂಡೆ ಕುದಿಯುತ್ತಿತ್ತು. ಒಳಗಿನಿಂದ ಅಮ್ಮ ನರಳುವ ಸದ್ದು. ಸೂಲಗಿತ್ತಿಗೆ ಎಣ್ಣೆ ಒಯ್ಯಲು ಹೊರಬಂದ ಅಜ್ಜಿ, "ದಿನ ಇತ್ತು ಇನ್ನೂ. ದೀಪ ಹಚ್ಚುವ ಹೊತ್ತಿಗೆ ಒಮ್ಮೆಲೇ ನೋವು ಎದ್ದಿತು" ಎಂದಳು.

ದೀಪ ಹಚ್ಚುವ ಹೊತ್ತು. ಅವಳು ನನಗೆ ನೀರು ಕುಡಿಸುವಾಗ ಹೋಟೆಲಿನಲ್ಲಿ ಆಗಷ್ಟೇ ದೀಪ ಹಾಕಿದ್ದರು.

ಆ ರಾತ್ರಿಯನ್ನು ನಾನು ಹೆಚ್ಚು ಬರೆಯಲಾರೆ. ತುಳಸಿಕಟ್ಟೆಯ ಬುಡದಲ್ಲಿ ಮುದುಡಿ ಕುಳಿತಿದ್ದೆ. ಗಂಟಲಿಗೆ ಬೆರಳು ಹಾಕಿ ಆ ನೀರನ್ನು ಹೊರಗೆ ಹಾಕಲು ನೋಡಿದೆ. ಏನೂ ಬರಲಿಲ್ಲ. ಅಮ್ಮ ನರಳಿದರೆ ಹೆದರಿಕೆ, ನರಳುವುದು ನಿಂತರೆ ಇನ್ನೂ ಹೆದರಿಕೆ. ಅಜ್ಜಿಯ ಕಾಲು ಹಿಡಿದು ಎಲ್ಲ ಹೇಳಿಬಿಡಲೇ ಎಂದು ಎರಡು ಸಲ ಎದ್ದೆ. ಹೇಳಿದರೆ ಅಮ್ಮನ ಕಿವಿಗೆ ಬಿದ್ದು ಆ ಹೆದರಿಕೆಗೇ ಏನಾದರೂ ಆದರೆ ಎಂದು ಮತ್ತೆ ಕುಳಿತೆ.

ಕಾಗೆ ಕೂಗುವ ಮೊದಲು ಮಗು ಹುಟ್ಟಿತು. ಅಳಲಿಲ್ಲ. ಸೂಲಗಿತ್ತಿ ತಟ್ಟುವ ಸದ್ದು ಮಾತ್ರ ಕೇಳುತ್ತಿತ್ತು. ನನಗೆ ಗೊತ್ತಿದ್ದ ದೇವರು ದೈವಗಳ ಹೆಸರೆಲ್ಲ ಮರೆತುಹೋಯಿತು. ಬಾಯಲ್ಲಿ ಬಂದದ್ದು 'ಬೇಡ, ಬೇಡ' ಎಂಬುದೊಂದೇ. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಸ್ವರ, ಮತ್ತೆ ಗಟ್ಟಿಯಾದ ಅಳು. ಹೆಣ್ಣು ಮಗು. ಅಮ್ಮನೂ ಉಳಿದಳು. ಅಜ್ಜಿ ಹೊರಗೆ ಬಂದು ನನ್ನನ್ನು ಅಪ್ಪಿಕೊಂಡು ಅತ್ತಳು. ಆ ತಂಗಿ ಈಗ ಮೊಮ್ಮಕ್ಕಳನ್ನು ಕಂಡವಳು.

ಬಿಸಿಲೇರುವ ಮೊದಲೇ ತಡಮೆಗೆ ಓಡಿದೆ. ಅವಳು ಅಲ್ಲಿಯೇ ನಿಂತಿದ್ದಳು, ನಿದ್ರೆಗೆಟ್ಟ ಕಣ್ಣು.

"ತಂಗಿ ಹುಟ್ಟಿದಳು. ಅಮ್ಮನೂ ಚೆನ್ನಾಗಿದ್ದಾಳೆ. ನಮಗೆ ಏನೂ ತಾಗ್ಲಿಲ್ಲ" ಎಂದೆ ಏದುಸಿರಿನಲ್ಲಿ.

"ನೋಡಿದ್ಯಾ? ನಾನು ಹೇಳಿದ್ದೆ ಅಲ್ವಾ?" ಎಂದು ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಅವಳು ಸೇತುವೆಯ ಮೇಲೆ ಹೇಳಿದ್ದೇನು ಎಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು. ನಮಗೆ ತಾಗಲಿಲ್ಲ ಎಂದರೆ...  

ಮದುವೆಗೆ ಹೋದೆ. ಚಪ್ಪರದ ಕಂಬಕ್ಕೆ ಒರಗಿ ನಿಂತು ನೋಡಿದೆ. ಎಲೆ ಹಾಕುವ ಗಡಿಬಿಡಿ ಶುರುವಾದಾಗ ತಡಮೆ ದಾಟಿ ಮನೆಗೆ ಬಂದು ಗಂಜಿ ಉಂಡೆ. ನಮ್ಮ ಅಡುಗೆಮನೆಯವರೆಗೆ ಅವರ ಪಾಯಸದ ಏಲಕ್ಕಿ ಪರಿಮಳ ಬರುತ್ತಿತ್ತು.

ಅವಳು ಮುಂಬಯಿಗೆ ಹೋದ ಮೇಲೆ ನಾನು ಕಿವಿಯೊಂದೇ ಆಗಿ ಬದುಕಿದೆ. ಆ ಮನೆಯಲ್ಲಿ ಯಾರಾದರೂ ಗಟ್ಟಿ ಮಾತಾಡಿದರೆ ಅಂಗಳಕ್ಕಿಳಿದು ಕೇಳುತ್ತಿದ್ದೆ. ಟೆಲಿಗ್ರಾಂ ತರುವ ಪೋಸ್ಟ್‌ಮ್ಯಾನಿನ ಸೈಕಲ್ ಅವರ ದಾರಿಗೆ ತಿರುಗಿದರೆ ಕೆಲಸ ಬಿಟ್ಟು ನಿಂತುಬಿಡುತ್ತಿದ್ದೆ. ಒಂದು ದಿನ ನಾನು ತಂಗಿಯನ್ನು ಸೊಂಟದಲ್ಲಿ ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದಾಗ ಅಜ್ಜಿ ಬಂದು ಹೇಳಿದಳು.

"ತಡಮೆಯಾಚೆಯವಳ ಮಗು ಉಳಿಯಲಿಲ್ವಂತೆ. ಚೊಚ್ಚಲು. ಪಾಪ."

ಮಗು ನನ್ನ ಕೈಯಿಂದ ಜಾರಿತು. ಅಜ್ಜಿ ಹಿಡಿದುಕೊಳ್ಳದಿದ್ದರೆ ಬೀಳುತ್ತಿತ್ತು. ತಂಗಿ ನನ್ನ ಕೊರಳು ಹಿಡಿಯಲು ಕೈಚಾಚಿ ಅಳುತ್ತಿದ್ದಳು. ಎತ್ತಿಕೊಳ್ಳಲು ನನಗೆ ಹೆದರಿಕೆಯಾಯಿತು. ಗೆಳತಿಗೆ ಕಾಗದ ಬರೆಯಬೇಕೆಂದು ಎಷ್ಟೋ ಸಲ ಕುಳಿತೆ. ಏನೆಂದು ಬರೆಯುವುದು? ಅವಳೂ ಬರೆಯಲಿಲ್ಲ.

ನಾಲ್ಕೈದು ವರ್ಷ ಕಳೆದಿರಬಹುದು. ದೊಡ್ಡಜ್ಜ ತೀರಿಹೋಗಿದ್ದರು, ಆ ಮನೆಯ ಯಜಮಾನರೂ ಹೋಗಿದ್ದರು. ಒಬ್ಬೊಬ್ಬರೇ ಕಟ್ಟ ಹಾಕಿ ಹ್ಯಾಪು ಮೋರೆ ಮಾಡಿಕೊಂಡಿದ್ದ ಎರಡೂ ಮನೆಯ ಸೋದರಮಾವಂದಿರು ಕೊನೆಗೆ ಒಂದೇ ಜೀಪಿನಲ್ಲಿ ಧರ್ಮಸ್ಥಳಕ್ಕೆ ಹೋಗಿ ಆಣೆ ಬಿಡಿಸಿಕೊಂಡರು. ನಾನಾಗ ಬೆಳ್ತಂಗಡಿಯ ಕಡೆ ಶಾಲೆಯಲ್ಲಿ ಟೀಚರು, ಅಲ್ಲಿಂದಲೇ ಹೋಗಿ ಸೇರಿಕೊಂಡೆ. ಎರಡು ಮನೆಯವರು ಒಂದೇ ಸಾಲಿನಲ್ಲಿ ಕುಳಿತು ಪ್ರಸಾದದ ಊಟ ಉಂಡರು. ದೊಡ್ಡವರು ಕಣ್ಣೊರೆಸಿಕೊಂಡರು. "ಗೊತ್ತಿಲ್ಲದೆ ಏನಾದ್ರೂ ತಪ್ಪಿದ್ರೆ ಅದೂ ಇಲ್ಲಿಗೆ ಹೋಯ್ತು" ಎಂದರು ನಮ್ಮ ಮಾವ. ನಾನು ಎಲೆ ನೋಡುತ್ತಾ ಕುಳಿತಿದ್ದೆ. ನಮ್ಮದು ಗೊತ್ತಿದ್ದೂ ಆದದ್ದಲ್ಲವೇ ಎಂಬ ಸಂಶಯ ಅನ್ನದ ಜೊತೆ ಇಳಿಯಲಿಲ್ಲ.

ಅವಳನ್ನು ಮತ್ತೆ ಕಂಡದ್ದು ಅದರ ನಂತರ, ಬಂಟ್ವಾಳದ ಬಸ್ ನಿಲ್ದಾಣದಲ್ಲಿ. ಬೇಸಿಗೆ. ನಾನು ಶಾಲೆಗೆ ಹಿಂದಿರುಗಲು ಬೆಳ್ತಂಗಡಿಯ ಬಸ್ಸು ಕಾಯುತ್ತಿದ್ದೆ. ಅವಳು ಗಂಡನ ಕಡೆಯವರ ಮನೆಗೆ ಹೋಗುವವಳು, ಕೈಯಲ್ಲಿ ಒಂದು ಪುಟ್ಟ ಹುಡುಗಿ, ಹೆಗಲಲ್ಲಿ ನೀರಿನ ಫ್ಲಾಸ್ಕು. ತೋರವಾಗಿದ್ದಳು. ಕಂಡ ಕೂಡಲೇ ಇಬ್ಬರೂ ಹತ್ತಿರ ಬಂದೆವು, ಹತ್ತಿರ ಬಂದು ನಿಂತುಬಿಟ್ಟೆವು. ಸೌಖ್ಯವಾ, ಸೌಖ್ಯ. ಅಮ್ಮ ಹೇಗಿದ್ದಾರೆ, ಚೆನ್ನಾಗಿದ್ದಾರೆ. ತಂಗಿ? ಶಾಲೆಗೆ ಹೋಗ್ತಾಳೆ. ಹೋದ ಮಗುವಿನ ಮಾತು ಅವಳು ಎತ್ತಲಿಲ್ಲ. ನನಗೆ ಕೇಳುವ ಧೈರ್ಯವಿರಲಿಲ್ಲ.

ಕೊನೆಗೆ ನಾನು, "ಸ್ವಲ್ಪ ನೀರು ಕೊಡ್ತೀಯಾ?" ಎಂದೆ. ಆಣೆ ಹೋಗಿದೆ ಎಂದು ಅವಳಿಗೂ ಗೊತ್ತಿತ್ತು. ಅವಳು ಫ್ಲಾಸ್ಕನ್ನು ಹೆಗಲಿನಿಂದ ತೆಗೆದಳು. ನನ್ನ ಕೈಗೆ ಕೊಡಲಿಲ್ಲ. ಕಟ್ಟೆಯ ಮೇಲೆ ಇಟ್ಟು, ಶಾಲೆಯ ಬಾವಿಯ ಹತ್ತಿರ ಸರಿಯುತ್ತಿದ್ದ ಹಾಗೆಯೇ ಸರಿದು ನಿಂತಳು. "ತೆಕ್ಕೋ" ಎಂದಳು.

ಇನ್ನೂ ಸಿಟ್ಟು ಉಂಟು ಎಂದುಕೊಂಡೆ. ಇರಲೇಬೇಕು. ಕುಡಿದವಳ ಮನೆಯ ಮಗು ಶಾಲೆಗೆ ಹೋಗುತ್ತಿದೆ, ಎರೆದವಳ ಮಗು ಮಣ್ಣಿಗೆ ಹೋಯಿತು. ನನ್ನನ್ನು ಕಂಡರೆ ಅವಳಿಗೆ ಇನ್ನೇನು ನೆನಪಾದೀತು? ನಾನು ಫ್ಲಾಸ್ಕು ಮುಟ್ಟಲಿಲ್ಲ. ಬಾಯಾರಿಕೆ ಹೋಯಿತು ಎಂದೆ. ಬಸ್ಸು ಬಂದಾಗ ಹತ್ತಿದೆ. ಆಮೇಲೆ ಅವಳು ಊರಿಗೆ ಬಂದಾಗೆಲ್ಲ ನನಗೆ ಏನಾದರೊಂದು ಕೆಲಸ ಇರುತ್ತಿತ್ತು. ಅವಳಿಗೂ ಇರುತ್ತಿತ್ತೋ ಏನೋ. ಹಾಗೆಯೇ ಆಯುಷ್ಯ ಕಳೆಯಿತು.

"ಚಿಕ್ಕಮ್ಮ, ನೀವು ನೀರು ಕುಡೀಲಿಲ್ಲ."

ಮೊನ್ನೆ ಆ ಮಗಳು ಎದುರಿಗೆ ಬಂದು ಕುಳಿತಿದ್ದಳು. ಬಂಟ್ವಾಳದಲ್ಲಿ ತಾಯಿಯ ಕೈ ಹಿಡಿದು ನಿಂತಿದ್ದ ಪುಟ್ಟ ಹುಡುಗಿ. ಈಗ ಅವಳ ಕೂದಲೂ ಬೆಳ್ಳಗೆ.

"ಎರೆದು ಕೊಡದೆ ಹಾಗೇ ಇಟ್ಟೆ ಅಂತ ಬೇಜಾರು ಮಾಡ್ಬೇಡಿ. ನಮ್ಮ ಮನೆಯಲ್ಲಿ ಹೀಗೇ ಅಭ್ಯಾಸ. ಅಮ್ಮ ಯಾರಿಗೂ ನೀರು ಎರೆದು ಕೊಟ್ಟವರಲ್ಲ. ನಮಗೂ ಇಲ್ಲ. ನಂಗೆ ಜ್ವರ ಬಂದು ಮಲಗಿದ್ರೆ ನೀರು ಕುಡಿಸ್ಲಿಕ್ಕೆ ಅಪ್ಪನನ್ನು ಹೋಟೆಲಿನಿಂದ ಕರೆಸ್ತಿದ್ರು. ಯಾಕಮ್ಮ ಅಂತ ಕೇಳಿದ್ರೆ, ನನ್ನ ಕೈ ಒಳ್ಳೇದಲ್ಲ ಮಗಾ ಅಂತಿದ್ರು. ಕೊನೆವರೆಗೂ ಅದೇ ಮಾತು."

 ಅಂದು ಕಟ್ಟೆಯ ಮೇಲೆ ಫ್ಲಾಸ್ಕು ಇಟ್ಟು ಸರಿದದ್ದು ಸಿಟ್ಟಿನಿಂದಲ್ಲ. ನನಗೆ ಏನೂ ಆಗದಿರಲಿ ಎಂದು. ಹೆದರಿಕೆ ಗೊತ್ತೇ ಇಲ್ಲದವಳು ಎಂದು ನಾನು ತಿಳಿದಿದ್ದವಳು ಒಂದು ಲೋಟ ನೀರಿಗೆ ಜೀವಮಾನವಿಡೀ ಹೆದರಿದ್ದಳು. ಹೆತ್ತ ಮಗಳ ಬಾಯಿಗೂ ನೀರು ಹಿಡಿದಿರಲಿಲ್ಲ.

"ನಿನ್ನಮ್ಮ ಎರೆದ ನೀರು ಕುಡಿದದ್ದರಿಂದಲೇ ನಾನು ಉಳಿದದ್ದು ಮಗಾ" ಎಂದೆ. ಎಲ್ಲವನ್ನೂ ಹೇಳಿದೆ. ಹೋಟೆಲು, ಮೀನು, ಬಸ್ಸು, ಸೇತುವೆ. ಅವಳು ಅಳುತ್ತಾ ಕೇಳಿದಳು. "ಇದು ಅಮ್ಮನಿಗೆ ಗೊತ್ತಿತ್ತಾ?" ಎಂದಳು. ಏನು ಗೊತ್ತಿತ್ತಾ ಎಂದೆ. "ನೀವು ಉಳಿದದ್ದು ಆ ನೀರಿನಿಂದ ಅಂತ."

ನಾವಿಬ್ಬರೂ ಆ ನೀರಿನ ಕೇಡನ್ನು ಮಾತ್ರ ನೋಡಿದ್ದೆವು. ಅದರಿಂದ ಒಬ್ಬಳು ಬದುಕಿದಳು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೊಬ್ಬಳೇ.

"ನೀನೇ ಎರೆದು ಕೊಡು" ಎಂದೆ. ಅವಳು ತಾಯಿಯ ಅಭ್ಯಾಸದಲ್ಲಿ ಒಂದು ಗಳಿಗೆ ತಡೆದಳು. ಆಮೇಲೆ ಬಲೆಬಟ್ಟೆ ತೆಗೆದು ಎರೆದು, ಲೋಟ ನನ್ನ ಕೈಗೆ ಕೊಟ್ಟಳು. ಕುಡಿದೆ. ಕುಡಿಯುವಾಗ ಬಂಟ್ವಾಳದ ಆ ಮಧ್ಯಾಹ್ನ ಕಣ್ಣಿಗೆ ಬಂತು. ಕಟ್ಟೆಯ ಮೇಲೆ ಫ್ಲಾಸ್ಕು, ಅದರ ಈಚೆ ನಾನು, ಆಚೆ ಅವಳು. ಹೇಳಲು ಬೇಕಾದಷ್ಟು ಹೊತ್ತಿತ್ತು. ಆ ದಿನ ಬಸ್ಸು ತುಂಬ ತಡವಾಗಿ ಬಂದಿತ್ತು.